ಮಳೆಯ ಮುನ್ಸೂಚನೆ ಹೊಲದವರೆಗೆ ತಲುಪುವುದು ಹೇಗೆ? ಅರಿವು ಕೇಂದ್ರದಿಂದ ಒಂದು ಪ್ರಶ್ನೆ

ಎರೆಹೊಲ (ಚರ್ಚೆ ಆರಂಭಿಸಿದವರು)

ನಾನು ಗದಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿ. ಕೃತ್ತಿಕಾ ಮಳೆ ಮುಗಿಯುತ್ತ ಬಂದಿದೆ, ಇನ್ನು ಕೆಲವೇ ದಿನಗಳಲ್ಲಿ ರೋಹಿಣಿ. ನಮ್ಮ ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಹೆಸರು ಬಿತ್ತಬೇಕೆಂದರೆ ಜೂನ್ ಮೊದಲೆರಡು ವಾರಗಳಲ್ಲಿ ಹದ ಸಿಗಬೇಕು. ಎರಡು, ಎರಡೂವರೆ ತಿಂಗಳಿಗೆ ಹೆಸರು ಕೊಯ್ಲಿಗೆ ಬರುತ್ತದೆ. ಅದು ಹೊಲ ಬಿಟ್ಟುಕೊಟ್ಟರೆ ಮಾತ್ರ ಹಿಂಗಾರಿಗೆ ಕಡಲೆ ಅಥವಾ ಬಿಳಿಜೋಳ. ಮುಂಗಾರು ಎರಡು ವಾರ ತಡವಾದರೆ ಎರಡು ಬೆಳೆಯ ಲೆಕ್ಕ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದು, ಮೊದಲ ಮಳೆಯನ್ನು ನಂಬಿ ಬಿತ್ತಿದ ಮೇಲೆ ಮೂರು ವಾರ ಬರೀ ಬಿಸಿಲು ಕಾಯುವುದು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವೂ ಮಣ್ಣುಪಾಲು.

2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಿದ್ಧಪಡಿಸಿದ ಮುನ್ಸೂಚನೆಯನ್ನು 13 ರಾಜ್ಯಗಳ ಸುಮಾರು 3.88 ಕೋಟಿ ರೈತರಿಗೆ ಎಂ-ಕಿಸಾನ್ ಎಂಬ ಸರ್ಕಾರಿ ಮೊಬೈಲ್ ಸೇವೆಯ ಮೂಲಕ ಸಂದೇಶವಾಗಿ ಕಳುಹಿಸಿತು. ನಿಮ್ಮ ಪ್ರದೇಶಕ್ಕೆ ಮಳೆ ಯಾವಾಗ ನೆಲೆಯೂರುತ್ತದೆ ಎಂಬುದನ್ನು ನಾಲ್ಕು ವಾರ ಮುಂಚಿತವಾಗಿ ಹೇಳುವ ಪ್ರಯತ್ನ ಅದು. ಆ ವರ್ಷ ಮೇ 24ಕ್ಕೇ ಕೇರಳ ಮುಟ್ಟಿದ ಮುಂಗಾರು ಆಮೇಲೆ ಸುಮಾರು ಮೂರು ವಾರ ಉತ್ತರಕ್ಕೆ ಸಾಗದೆ ನಿಂತಿತ್ತು. ಆ ನಿಲುಗಡೆಯ ಸುಳಿವನ್ನೂ ಈ ಮುನ್ಸೂಚನೆ ಕೊಟ್ಟಿತ್ತು. ಬಳಿಕ ಮಧ್ಯಪ್ರದೇಶ ಮತ್ತು ಬಿಹಾರದ ರೈತರಿಗೆ ಫೋನ್ ಮಾಡಿ ಕೇಳಿದಾಗ, ಶೇ 31ರಿಂದ 52ರಷ್ಟು ಮಂದಿ ಹೊಲದ ತಯಾರಿ ಅಥವಾ ಬಿತ್ತನೆಯ ದಿನ ಬದಲಿಸಿಕೊಂಡೆವು ಎಂದಿದ್ದರು. ಓದಿ ಸಂತೋಷವಾಯಿತು. ಆ ಸಂದೇಶಗಳು ಹೋದದ್ದು ಐದು ಪ್ರಾದೇಶಿಕ ಭಾಷೆಗಳಲ್ಲಿ: ಹಿಂದಿ, ಒಡಿಯಾ, ಮರಾಠಿ, ಬಂಗಾಳಿ, ಪಂಜಾಬಿ. ಕನ್ನಡ ಆ ಪಟ್ಟಿಯಲ್ಲಿಲ್ಲ.

ಕನ್ನಡದಲ್ಲಿ ಬಂದರೂ ಸಾಲದು ಎಂಬುದಕ್ಕೆ ಒಂದು ಅನುಭವ ಹೇಳುತ್ತೇನೆ. ಹೋದ ವರ್ಷ ನಮ್ಮೂರಿನ ಹಿರಿಯರೊಬ್ಬರ ಮೊಬೈಲಿಗೆ ಒಂದು ಸಲಹಾ ಸೇವೆಯಿಂದ ಕನ್ನಡ ಸಂದೇಶ ಬಂತು. "ಹಸಿರು ಗ್ರಾಂ ಬಿತ್ತನೆಯ ಕಿಟಕಿ ತೆರೆದಿದೆ" ಎಂದಿತ್ತು. ಇಂಗ್ಲಿಷಿನ ಗ್ರೀನ್ ಗ್ರಾಂ, ಅಂದರೆ ಹೆಸರುಕಾಳು, ಅಲ್ಲಿ ತೂಕದ ಗ್ರಾಂ ಆಗಿತ್ತು. ಆ ಹಿರಿಯರು ಅದನ್ನು ಕೇಂದ್ರಕ್ಕೆ ತಂದು, "ಇದರಲ್ಲಿ ಏನು ಬರೆದಿದೆ, ನನಗೆ ಓದಲು ಬರುವುದಿಲ್ಲವೋ ಅಥವಾ ಇದು ಓದುವಂತಿಲ್ಲವೋ?" ಎಂದು ಕೇಳಿದರು. ಐವತ್ತು ವರ್ಷ ಮಳೆ ಲೆಕ್ಕ ಹಾಕಿಕೊಂಡು ಬಾಳಿದವರು ತಮ್ಮ ಅಕ್ಷರಜ್ಞಾನದ ಮೇಲೆಯೇ ಅನುಮಾನಪಟ್ಟರು. ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಈ ವರ್ಷ ನಮ್ಮ ಕೇಂದ್ರದಲ್ಲಿ ಮುನ್ಸೂಚನೆ ಬರೆದು ತೋರಿಸುವ ಮಳೆಯ ಹಲಗೆ ಇಡಬೇಕೆಂದಿದ್ದೇನೆ. ಓದಲು ಬಾರದವರಿಗೆ ಧ್ವನಿಯ ಸಂದೇಶವೂ ಬೇಕು. ಕೃತಕ ಬುದ್ಧಿಮತ್ತೆಯ ಸಲಕರಣೆಗಳನ್ನು ಎಷ್ಟು ಬಳಸಬೇಕು, ಎಲ್ಲಿ ಬಳಸಬಾರದು, ಜನರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಹೇಗೆ, ತಿಳಿದವರು ಹೇಳಿ.

ಧ್ವನಿತರಂಗ

ಅಕ್ಕ, "ಹಸಿರು ಗ್ರಾಂ" ಓದಿ ತಲೆ ತಗ್ಗಿಸಿದೆ. ಬೆಂಗಳೂರಿನಲ್ಲಿ ಕನ್ನಡದ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶದ ಮೇಲೆ ಕೆಲಸ ಮಾಡುವವನು ನಾನು.

ಯಂತ್ರಕ್ಕೆ ಗೊತ್ತಿರುವುದು ಅದು ಓದಿದ ಕನ್ನಡ ಮಾತ್ರ. ಅಂತರ್ಜಾಲದ ಕನ್ನಡದಲ್ಲಿ ರಾಜಕೀಯ, ಸಿನಿಮಾ, ಸುದ್ದಿ ಧಾರಾಳವಾಗಿವೆ. ಕುಂಟೆ, ಕೂರಿಗೆ, ಹದ, ಹರಗುವುದು, ಎಡೆ ಹೊಡೆಯುವುದು ಅಪರೂಪ. ಇನ್ನೊಂದು ತೊಡಕಿದೆ. ನಿಮ್ಮ ಕಡೆಯ ಶೇಂಗಾ ತುಮಕೂರಿನಲ್ಲಿ ಕಡಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ. ಆದರೆ ಬರೀ "ಕಡಲೆ" ಎಂದರೆ ಬೇರೆಯೇ ಬೆಳೆ. ಮುಂಗಾರಿನ ಬೆಳೆಗೆ ಕೊಡಬೇಕಾದ ಸಲಹೆಯನ್ನು ಯಂತ್ರ ಹಿಂಗಾರಿನ ಬೆಳೆಗೆ ಅಂಟಿಸಿದರೆ ಅದನ್ನು ಭಾಷಾದೋಷ ಎಂದು ಬಿಟ್ಟುಬಿಡುವಂತಿಲ್ಲ, ಒಂದು ಕುಟುಂಬದ ವರ್ಷದ ಕೂಳು ಹೋಗುತ್ತದೆ.

ಈ ಕೊರತೆಯನ್ನು ತುಂಬುವ ಒಳ್ಳೆಯ ಕೆಲಸಗಳೂ ನಡೆದಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕೃಷಿ ಮತ್ತು ಹಣಕಾಸಿಗೆ ಸಂಬಂಧಿಸಿದ ಮಾತನ್ನೇ ಒಂಬತ್ತು ಭಾಷೆಗಳಲ್ಲಿ, ಅವುಗಳ ಉಪಭಾಷೆಗಳೊಂದಿಗೆ ಸಂಗ್ರಹಿಸಿತು, ಕನ್ನಡ ಅದರಲ್ಲಿದೆ. ಅದೇ ಸಂಸ್ಥೆಯ ವಾಣಿ ಯೋಜನೆ ದೇಶದ ಎಲ್ಲ ಜಿಲ್ಲೆಗಳ ಮಾತನ್ನು ದಾಖಲಿಸುವ ಗುರಿ ಇಟ್ಟುಕೊಂಡಿದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 22 ಭಾಷೆಗಳ ಅನುವಾದದ ಮಾದರಿಯನ್ನು 2023ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ. ಇವುಗಳ ಮೇಲೆ ಕಟ್ಟಬಹುದು. ಆದರೂ ನಿಮಗೆ ನನ್ನ ಸಲಹೆ ಇಷ್ಟು: ಬಿತ್ತನೆಯ ಸಂದೇಶವನ್ನು ಯಂತ್ರದ ಕೈಯಲ್ಲಿ ಬರೆಸಬೇಡಿ. ನೀವೇ ಇಪ್ಪತ್ತು ಮೂವತ್ತು ವಾಕ್ಯಗಳನ್ನು ನಿಮ್ಮೂರಿನ ಮಾತಿನಲ್ಲಿ ಬರೆದು, ನಿಮ್ಮೂರಿನವರ ಧ್ವನಿಯಲ್ಲಿಯೇ ದಾಖಲಿಸಿ. ದಿನಾಂಕ ಮತ್ತು ಸಾಧ್ಯತೆಯ ಪ್ರಮಾಣವನ್ನು ಮಾತ್ರ ಯಂತ್ರ ತುಂಬಲಿ. ಇದರಲ್ಲಿ ಯಾವ ಚಮತ್ಕಾರವೂ ಇಲ್ಲ, ತಪ್ಪುವುದೂ ಕಡಿಮೆ.

ಧ್ವನಿ ಕೊಟ್ಟವರಿಗೆ ಹಣ ಕೊಡಿ ಎಂದೂ ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಕನ್ನಡಿಗರಿಂದ ಧ್ವನಿ ದಾಖಲಿಸುವಾಗ ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿತು. ಆ ದತ್ತಾಂಶ ಮತ್ತೆ ಮಾರಾಟವಾದರೆ ಧ್ವನಿ ಕೊಟ್ಟವರಿಗೆ ಅದರಲ್ಲೂ ಪಾಲುಂಟು. ನಮ್ಮ ಕ್ಷೇತ್ರದಲ್ಲಿ ಇದು ಎಲ್ಲೆಡೆ ನಡೆಯುವ ಕ್ರಮವಲ್ಲ, ಆಗಬೇಕಾದ ಕ್ರಮ.

ಹಳೆಯ ಮಳೆಮಾಪಕ

ತಂಗಿ, ನಾನು ಕೃಷಿ ಹವಾಮಾನ ವೀಕ್ಷಣಾಲಯವೊಂದರಲ್ಲಿ ಮೂವತ್ತು ವರ್ಷ ಬೆಳಗಿನ ಮಳೆ ಅಳೆದು ನಿವೃತ್ತನಾದವನು. ಮೊದಲಿಗೆ ಒಂದು ಪದವನ್ನು ಬಿಡಿಸಿಕೊಳ್ಳೋಣ. ವಿಜ್ಞಾನಿ "ಮುಂಗಾರು ಆರಂಭ" ಎನ್ನುವುದಕ್ಕೂ ನಿಮ್ಮ ರೈತ "ಹದ ಮಳೆ" ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಇಷ್ಟು ದಿನಗಳಲ್ಲಿ ಇಷ್ಟು ಮಿಲಿಮೀಟರ್ ಎಂಬ ಲೆಕ್ಕ. ಎರಡನೆಯದು ಎರೆಯಲ್ಲಿ ಗೇಣುದ್ದ ಹಸಿ ಇಳಿದಿದೆಯೇ, ಮಣ್ಣು ಕೂರಿಗೆಗೆ ಅಂಟುತ್ತದೆಯೇ ಎಂಬ ಲೆಕ್ಕ. ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಒಂದೇ ಮಳೆಗೆ ಬಿತ್ತಬಹುದು, ಎರೆಯಲ್ಲಿ ಆಗುವುದಿಲ್ಲ. ಹೀಗಾಗಿ ಮೇಲಿನಿಂದ ಬಂದ ದಿನಾಂಕವನ್ನು ನೇರವಾಗಿ ಬಿತ್ತನೆಯ ದಿನಾಂಕವೆಂದು ಹಲಗೆಯಲ್ಲಿ ಬರೆಯಬೇಡಿ.

ಎರಡನೆಯದು ಜಾಗದ ಪ್ರಶ್ನೆ. ನೆಲವನ್ನು ಚೌಕಗಳಾಗಿ ಹಂಚಿ ಜಗತ್ತನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುವ ಈ ಹೊಸ ಮುನ್ಸೂಚನಾ ಮಾದರಿಗಳಲ್ಲಿ ಹೆಸರಾದ ಒಂದರ ಒಂದೊಂದು ಚೌಕ ಸುಮಾರು 30 ಕಿಲೋಮೀಟರ್ ಅಗಲ. ಎತ್ತಿನ ಒಂದು ಕೋಡು ನೆನೆದು ಇನ್ನೊಂದು ಕೋಡು ಒಣಗಿರುವಂಥ ಮಳೆಯನ್ನು ಅವು ಕಾಣಲಾರವು. ಅದಕ್ಕೆ ನೆಲದ ಮೇಲಿನ ಅಳತೆಯೇ ಬೇಕು. ಈ ವಿಷಯದಲ್ಲಿ ಕರ್ನಾಟಕ ಭಾಗ್ಯವಂತ ರಾಜ್ಯ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಇವತ್ತು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಹೋಬಳಿ ಮಟ್ಟದ ಹವಾಮಾನ ಮಾಹಿತಿಯೂ ಸಿಗುತ್ತದೆ. ವರುಣಮಿತ್ರ ಸಹಾಯವಾಣಿಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಮನುಷ್ಯರೇ ಕನ್ನಡದಲ್ಲಿ ಉತ್ತರಿಸುತ್ತಾರೆ. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ, ಅದರ ಸುತ್ತ ಗಿಡ ಬೆಳೆದಿದೆಯೇ ಎಂದು ಒಮ್ಮೆ ಹೋಗಿ ನೋಡಿ. ಗಿಡದ ನೆರಳಿನಲ್ಲಿರುವ ಮಳೆಮಾಪಕ ಸುಳ್ಳು ಹೇಳುತ್ತದೆ, ಆ ಸುಳ್ಳನ್ನೇ ಯಂತ್ರ ಸತ್ಯವೆಂದು ಕಲಿಯುತ್ತದೆ.

ಮೂರನೆಯದನ್ನು ಬೇಸರದಿಂದ ಹೇಳುತ್ತೇನೆ. ದೇಶದ 199 ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳಿದ್ದವು. ಮುನ್ಸೂಚನೆಯನ್ನು ಓದಿ, ಸ್ಥಳೀಯ ಬೆಳೆಗೆ ತಕ್ಕಂತೆ ಸಲಹೆ ಬರೆದು, ತಾಲ್ಲೂಕು ಮಟ್ಟಕ್ಕೆ ವಾರಕ್ಕೆರಡು ಬಾರಿ ಕಳುಹಿಸುತ್ತಿದ್ದ ಜನ ಅಲ್ಲಿದ್ದರು. ದತ್ತಾಂಶ ಸಂಗ್ರಹ ಈಗ ಸ್ವಯಂಚಾಲಿತ, ಅಷ್ಟು ಸಿಬ್ಬಂದಿ ಬೇಕಿಲ್ಲ ಎಂಬ ವಾದ ಕೇಳಿಬಂತು, 2024ರಲ್ಲಿ ಅವನ್ನು ಮುಚ್ಚಲಾಯಿತು. ದತ್ತಾಂಶ ತಾನಾಗಿ ಬಂದೀತು, ಒಪ್ಪುತ್ತೇನೆ. "ಈ ಮಳೆ ನಂಬಬೇಡ, ಇನ್ನೊಂದು ವಾರ ತಡೆ" ಎಂದು ಹೊಲದ ಬದುವಿನಲ್ಲಿ ನಿಂತು ಹೇಳುವ ಧೈರ್ಯ ತಾನಾಗಿ ಬರುತ್ತದೆಯೇ? ನೀವು ಈಗ ಮಾಡಹೊರಟಿರುವುದು ಆ ಖಾಲಿ ಬಿಟ್ಟ ಜಾಗದ ಕೆಲಸ. ಅದಕ್ಕೇ ಇಷ್ಟುದ್ದ ಬರೆದೆ. ಜಿಲ್ಲಾ ಘಟಕಗಳು ಮುಚ್ಚಿದರೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಘಟಕದಿಂದ ಮಂಗಳವಾರ ಮತ್ತು ಶುಕ್ರವಾರ ಹೊರಡುವ ಪ್ರಕಟಣೆಯನ್ನು ತಪ್ಪದೆ ಓದಿ.

ಕೂರಿಗೆ

ಮೇಡಂ, ನಾನು ಒಕ್ಕಲಿಗ. ನಿಮ್ಮ ಹಲಗೆಯಿಂದ ನಮಗೆ ಉಪಕಾರವಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ಹೆದರಿಕೆ ಬೇರೆ ಕಡೆಯಿಂದ ಬರುತ್ತದೆ.

ಎರಡು ವರ್ಷದ ಹಿಂದೆ ಒಂದು ಮೊಬೈಲ್ ಸಮೀಕ್ಷೆಯಲ್ಲಿ ನನ್ನ ಗೋವಿನಜೋಳದ ಹೊಲ ಬೇರೆ ಬೆಳೆಯಾಗಿ ದಾಖಲಾಯಿತು. ತಿದ್ದಿಸಲು ನಾನು ಎಷ್ಟು ಮೆಟ್ಟಿಲು ಹತ್ತಿದೆ ಎಂಬುದು ನನಗೆ ಗೊತ್ತು. ಪರಿಹಾರದ ದಿನ ಬಂದಾಗ ನನ್ನ ಮಾತಿಗಿಂತ ಆ ದಾಖಲೆಯ ಮಾತೇ ದೊಡ್ಡದಾಗಿತ್ತು. ಈಗ ಬೆಳೆ ವಿಮೆಯಲ್ಲಿ ಇಳುವರಿ ಅಂದಾಜಿಗೆ ಉಪಗ್ರಹದ ಲೆಕ್ಕವೂ ಸೇರಿದೆ. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಶೇ 30ರಷ್ಟು ತೂಕವನ್ನು ಅದಕ್ಕೆ ಕೊಟ್ಟಿದ್ದಾರೆ. ನಾಳೆ ನಮ್ಮ ಬೆಳೆಗೂ ಬರುತ್ತದೆ.

ನನ್ನ ಪ್ರಶ್ನೆ ಇದು. ನಿಮ್ಮ ಹಲಗೆ "ತಡೆಯಿರಿ" ಎನ್ನುತ್ತದೆ. ನಾನು ತಡೆಯದೆ ಬಿತ್ತುತ್ತೇನೆ, ಬೆಳೆ ಒಣಗುತ್ತದೆ. ಆಗ ಯಾರಾದರೂ "ನಿನಗೆ ಸಂದೇಶ ಬಂದಿತ್ತು, ನೀನು ಕೇಳಲಿಲ್ಲ" ಎಂದು ನನ್ನ ವಿಮೆಯನ್ನು ತಳ್ಳಿಹಾಕಿದರೆ? ತಿರುಗಿಸಿ ನೋಡಿ. ವಿಮಾ ಘಟಕದಲ್ಲಿ (ವಿಮೆಗೆ ಒಂದಾಗಿ ಎಣಿಸುವ ಪ್ರದೇಶದಲ್ಲಿ) ಶೇ 75ಕ್ಕಿಂತ ಹೆಚ್ಚು ಭೂಮಿ ಮಳೆಯಿಲ್ಲದೆ ಬಿತ್ತನೆಯಾಗದೆ ಉಳಿದರೆ ವಿಮಾ ಮೊತ್ತದ ಶೇ 25ರಷ್ಟು ಕೊಡುವ ನಿಯಮವಿದೆ. ಎಲ್ಲರೂ ನಿಮ್ಮ ಮಾತು ಕೇಳಿ ತಡೆದು, ಮಳೆ ಬಂದೇಬಿಟ್ಟರೆ, "ಮಳೆ ಇತ್ತಲ್ಲ, ನೀವೇಕೆ ಬಿತ್ತಲಿಲ್ಲ" ಎನ್ನುವುದಿಲ್ಲವೇ? ಮುನ್ಸೂಚನೆ ತಪ್ಪಿದರೆ ಅದನ್ನು ಹೇಳಿದವರಿಗೆ ಏನೂ ಆಗುವುದಿಲ್ಲ. ಸಾಲ ನನ್ನ ಹೆಸರಿನಲ್ಲಿಯೇ ಇರುತ್ತದೆ. ಇಂಥ ತಂತ್ರಜ್ಞಾನಕ್ಕೆ ನೀತಿ ಇದೆಯೇ ಎಂದು ಕೇಳುವಾಗ ನಾನು ಕೇಳುವುದು ಇದೊಂದನ್ನೇ: ತಪ್ಪಿನ ಭಾರ ಯಾರ ಹೆಗಲ ಮೇಲೆ?

ಜಲಚಿಂತೆ

ಕೂರಿಗೆಯವರ ಪ್ರಶ್ನೆಗೆ ನನ್ನದೊಂದನ್ನು ಸೇರಿಸುತ್ತೇನೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಆ ಬೇಸಿಗೆಯಲ್ಲಿ ನಾವು ಟ್ಯಾಂಕರಿಗಾಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಾದಿದ್ದೇವೆ. ಕಂಪ್ಯೂಟರುಗಳನ್ನು ತಂಪಾಗಿಡಲು ನೀರು ಬೇಕು, ನಡೆಸಲು ವಿದ್ಯುತ್ ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಸುಮಾರು 415 ಟೆರಾವಾಟ್ ಗಂಟೆ ವಿದ್ಯುತ್ ಬಳಸಿದವು, ಒಟ್ಟು ಬಳಕೆಯ ಶೇ 1.5ರಷ್ಟು. 2030ರ ಹೊತ್ತಿಗೆ ಅದು ದುಪ್ಪಟ್ಟು ದಾಟಬಹುದು. ಹವಾಮಾನ ಉಳಿಸಲು ಹೊರಟ ಸಲಕರಣೆಯೇ ಹವಾಮಾನ ಕೆಡಿಸಿದರೆ ಅದನ್ನು ನೀತಿಯುತ ಎಂದು ಹೇಗೆ ಕರೆಯುವುದು?

ದೂರದೇಶಿ

ನಾನು ಹಾವೇರಿಯ ಹುಡುಗ, ಈಗ ಜರ್ಮನಿಯ ಬಾನ್ ನಗರದಲ್ಲಿ ಹವಾಮಾನ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ. ಜಲಚಿಂತೆಯವರ ಮಾತು ನ್ಯಾಯವಾದದ್ದು. ಆದರೆ "ಕೃತಕ ಬುದ್ಧಿಮತ್ತೆ" ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಜಾತಿಯ ಯಂತ್ರಗಳಿವೆ. ಹರಟುವ, ಚಿತ್ರ ಬಿಡಿಸುವ ದೊಡ್ಡ ಸೇವೆಗಳ ಹಸಿವು ದೊಡ್ಡದು. ಹವಾಮಾನದ ಮಾದರಿಗಳು ಹಾಗಲ್ಲ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ 2025ರ ಫೆಬ್ರುವರಿಯಲ್ಲಿ ನಿತ್ಯಬಳಕೆಗೆ ತಂದ ಎಐಎಫ್‌ಎಸ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿ ಒಂದು ಮುನ್ಸೂಚನೆ ಸಿದ್ಧಪಡಿಸಲು, ಭೌತಶಾಸ್ತ್ರದ ಸಮೀಕರಣಗಳನ್ನು ಬಿಡಿಸುವ ಹಳೆಯ ಮಾದರಿಗಿಂತ ಸುಮಾರು ಸಾವಿರ ಪಟ್ಟು ಕಡಿಮೆ ಶಕ್ತಿ ಬಳಸುತ್ತದೆ ಎಂದು ಆ ಕೇಂದ್ರವೇ ಹೇಳಿದೆ. ಕಲಿಸುವಾಗ ತಗಲುವ ಖರ್ಚು ಬೇರೆ, ಅದನ್ನು ಮರೆಮಾಚಬಾರದು. ಒಮ್ಮೆ ಕಲಿತ ಮೇಲೆ ಅದು ಮಿತಭೋಜಿ.

ಎರೆಹೊಲದವರು ಹೇಳಿದ 2025ರ ಮುನ್ಸೂಚನೆಯಲ್ಲಿ ಈ ಎಐಎಫ್‌ಎಸ್, ಗೂಗಲ್ಲಿನ ನ್ಯೂರಲ್‌ಜಿಸಿಎಂ ಮಾದರಿ ಮತ್ತು ನಮ್ಮ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆ, ಈ ಮೂರನ್ನು ಬೆರೆಸಲಾಗಿತ್ತು. ಮೂರನೆಯದರ ಬೆಲೆ ಏನೆಂದು ಯೋಚಿಸಿ. ಹಳೆಯ ಮಳೆಮಾಪಕದಂಥವರು ಬೆಳಿಗ್ಗೆ ಎದ್ದು ಅಳೆದು ಬರೆದಿಟ್ಟ ಅಂಕಿಗಳು ಅವು. ಹೊಸ ಮಾದರಿಗಳೆಲ್ಲವೂ ದಶಕಗಳ ಸಾರ್ವಜನಿಕ ವೀಕ್ಷಣೆಯ ಹೆಗಲ ಮೇಲೆ ಕೂತಿವೆ. ಅಷ್ಟೇ ಅಲ್ಲ, ಪ್ರತಿದಿನ ಅವು ಲೆಕ್ಕ ಶುರು ಮಾಡುವ ಇಂದಿನ ವಾತಾವರಣದ ಸ್ಥಿತಿಯನ್ನೂ ಹಳೆಯ ಭೌತಿಕ ಮಾದರಿಗಳ ವ್ಯವಸ್ಥೆಯೇ ಕಟ್ಟಿಕೊಡುತ್ತದೆ. ಹಳೆಯದನ್ನು ಕಿತ್ತುಹಾಕಿ ಹೊಸದನ್ನು ನೆಡುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ. ಜೊತೆಗೆ, ಹಿಂದೆಂದೂ ಕಾಣದಂಥ ಮಳೆ ಬಂದಾಗ ಹಿಂದಿನದನ್ನು ನೋಡಿ ಕಲಿತ ಯಂತ್ರ ಎಡವುವ ಅಪಾಯವಿದೆ. ಹವಾಮಾನ ಬದಲಾಗುತ್ತಿರುವ ಕಾಲದಲ್ಲಿ ಅಂಥ ಮಳೆಗಳು ಹೆಚ್ಚುತ್ತಿವೆ.

ಮುನ್ಸೂಚನೆಯಿಂದ ನಿಜವಾಗಿ ಉಪಯೋಗವಿದೆಯೇ ಎಂಬುದಕ್ಕೆ ತೆಲಂಗಾಣದ 250 ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆದಿದೆ. ಮಳೆ ತಾವೆಣಿಸಿದ್ದಕ್ಕಿಂತ ತಡ ಎಂದು ತಿಳಿದ ರೈತರು ಬಿತ್ತನೆಯ ಪ್ರದೇಶ ಕಡಿಮೆ ಮಾಡಿ ನಷ್ಟ ತಗ್ಗಿಸಿಕೊಂಡರು, ಬೇಗ ಎಂದು ತಿಳಿದವರು ಹೆಚ್ಚು ಬಂಡವಾಳ ಹೂಡಿದರು. ಅಂದರೆ ಜನ ಕೇಳುತ್ತಾರೆ. ಕೇಳುತ್ತಾರೆ ಎಂಬ ಕಾರಣಕ್ಕೇ ಕೂರಿಗೆಯವರ ಪ್ರಶ್ನೆ ಇಷ್ಟು ಭಾರವಾದದ್ದು. ಮುನ್ಸೂಚನೆಯನ್ನು ಸಾಧ್ಯತೆಯ ರೂಪದಲ್ಲಿ ಮಾತ್ರ ಹೇಳಿ. "ಜೂನ್ 8ಕ್ಕೆ ಮಳೆ" ಎಂದು ಖಚಿತವಾಗಿ ಬರೆದ ದಿನವೇ ಸುಳ್ಳು ಶುರುವಾಗುತ್ತದೆ.

ತಾಂಡಾದ ಮಗಳು

ನಾನು ಗದಗ ಜಿಲ್ಲೆಯವಳೇ, ಲಂಬಾಣಿ ತಾಂಡಾದವಳು. ಎಲ್ಲರೂ ಸಂದೇಶ ಯಾವ ಭಾಷೆಯಲ್ಲಿ ಎಂದು ಮಾತನಾಡುತ್ತಿದ್ದೀರಿ. ಯಾರ ಫೋನಿಗೆ ಎಂದೂ ಕೇಳಬೇಕು.

ಸಂದೇಶ ಹೆಚ್ಚಾಗಿ ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ. ನಮ್ಮ ತಾಂಡಾದಲ್ಲಿ ಪಹಣಿ ಅಪ್ಪನ ಅಥವಾ ಅಣ್ಣನ ಹೆಸರಿನಲ್ಲಿದೆ. ಅವರು ದೀಪಾವಳಿ ಕಳೆದ ಮೇಲೆ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿರುತ್ತಾರೆ. ಊರಿನಲ್ಲಿ ಹೊಲ ಹಸನು ಮಾಡಿ, ಬೀಜ ತೆಗೆದಿಟ್ಟು ಕಾಯುವುದು ಅವ್ವ ಮತ್ತು ಅತ್ತಿಗೆ. ಸಂದೇಶ ಮಾತ್ರ ಗೋವಾದ ಕಟ್ಟಡದ ಕೆಲಸದ ಜಾಗದಲ್ಲಿ ಟಿಂಗ್ ಎನ್ನುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ದೇಶದಲ್ಲಿ ಶೇ 54 ಮಾತ್ರ. ತಾಂಡಾದಲ್ಲಿ ಎಣಿಸಿದರೆ ಇನ್ನೂ ಕಡಿಮೆ ಎಂಬುದು ನನ್ನ ಕಣ್ಣಳತೆ.

ಆದರೂ ಗುಳೆ ಹೋದವರಿಗೂ ಆ ಸಂದೇಶ ಬೇಕು. ಮಳೆ ಯಾವಾಗ ಎಂಬುದರ ಮೇಲೆ ಅವರು ಯಾವಾಗ ಮರಳಬೇಕು ಎಂಬುದು ನಿಂತಿದೆ. ಹತ್ತು ದಿನ ಮೊದಲೇ ಬಂದು ಕೂತರೆ ಹತ್ತು ದಿನದ ಕೂಲಿ ಹೋಯಿತು. ನಾಲ್ಕು ವಾರ ಮುಂಚಿನ ಮುನ್ಸೂಚನೆ ಅವರ ಪಾಲಿಗೆ ಬಸ್ ಹತ್ತುವ ದಿನ ಗೊತ್ತುಮಾಡುವ ಮಾತು. ಇದನ್ನು ಯಾವ ತಂತ್ರಾಂಶದವರೂ ಎಣಿಸಿರಲಿಕ್ಕಿಲ್ಲ.

ಭಾಷೆಯ ವಿಷಯವೂ ಇದೆ. ಧ್ವನಿತರಂಗದವರೇ, ನೀವು ಹೇಳಿದ 22 ಭಾಷೆಗಳಲ್ಲಿ ನಮ್ಮ ಲಂಬಾಣಿ ಮಾತು ಗೋರ್‌ಬೋಲಿ ಇಲ್ಲ. ನನ್ನ ಅವ್ವನಿಗೆ ಸಂತೆಯ ಕನ್ನಡ ಬರುತ್ತದೆ, ಸಂದೇಶದ ಕನ್ನಡ ಬರುವುದಿಲ್ಲ. ಎರೆಹೊಲದ ಅಕ್ಕ, ನಿಮ್ಮ ಇಪ್ಪತ್ತು ವಾಕ್ಯಗಳನ್ನು ಕೊಡಿ. ಗೋರ್‌ಬೋಲಿಯಲ್ಲಿ ನಾನೇ ಹೇಳಿ ಧ್ವನಿ ಕಳುಹಿಸುತ್ತೇನೆ.

ಮಲ್ಪೆ ಕಡಲು

ಕಡಲಿನವರ ಒಂದು ಮಾತು. ನಮ್ಮ ಮನೆಮಾತು ತುಳು. ಗೂಗಲ್ಲಿನ ಅನುವಾದದಲ್ಲಿ ತುಳು 2024ರಲ್ಲಿ ಬಂತು, ಸಂತೋಷ. ಆದರೆ ದೋಣಿಯಲ್ಲಿ ತುಳು, ಕನ್ನಡ, ಕೊಂಕಣಿ ಆಡುವವರ ಜೊತೆಗೆ ಬೇರೆ ರಾಜ್ಯಗಳಿಂದ ಬಂದವರೂ ಇರುತ್ತಾರೆ. ಎಲ್ಲರಿಗೂ ಅರ್ಥವಾಗುವುದು ಬಂದರಿನಲ್ಲಿ ಏರಿಸುವ ಅಪಾಯದ ಗುರುತು. ಯಾವ ಗುರುತು ಏರಿದರೆ ಹಗ್ಗ ಬಿಚ್ಚಬಾರದು ಎಂಬುದನ್ನು ಅಕ್ಷರ ಬಾರದ ಅಜ್ಜನೂ ಬಲ್ಲ. ನಿಮ್ಮ ಹಲಗೆಯಲ್ಲೂ ಅಕ್ಷರದ ಜೊತೆಗೆ ಅಂಥದ್ದೊಂದು ಗುರುತು ಇರಲಿ, ದೂರದಿಂದ ಕಾಣುವ ಹಾಗೆ. ಸಿಡಿಲಿನ ಎಚ್ಚರಿಕೆಯನ್ನೂ ಮರೆಯಬೇಡಿ. ಸಿಡಿಲಿಗೆ ದೇಶದಲ್ಲಿ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಾಯುತ್ತಾರೆ, ಬಯಲಿನಲ್ಲಿ ದುಡಿಯುವವರೇ ಹೆಚ್ಚು. ಅದಕ್ಕೆ ದಾಮಿನಿ ಎಂಬ ಆ್ಯಪ್ ಇದೆ, ನಮ್ಮ ರಾಜ್ಯದ್ದೇ ಸಿಡಿಲು ಎಂಬ ಆ್ಯಪ್ ಕೂಡ ಇದೆ. ಆದರೆ ಹೊಲದಲ್ಲಿರುವವರ ಕೈಯಲ್ಲಿ ಆ ಹೊತ್ತಿಗೆ ಫೋನ್ ಇರುವುದಿಲ್ಲ. ಗುಡಿಯ ಮೈಕು ಇರುತ್ತದೆ.

ಎರೆಹೊಲ

ಎರಡು ದಿನ ಇವನ್ನೆಲ್ಲ ಕೇಂದ್ರದಲ್ಲಿ ಗಟ್ಟಿಯಾಗಿ ಓದಿಸಿದೆ. ಸಂಜೆ ಹದಿನೈದು ಇಪ್ಪತ್ತು ಜನ ಕೂತು ಕೇಳಿದರು. ಕೂರಿಗೆಯವರ ಮಾತು ಮುಗಿದಾಗ ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

"ಶೇ 60ರಷ್ಟು ಸಾಧ್ಯತೆ" ಎಂಬುದನ್ನು ಹೇಗೆ ಹೇಳುವುದು ಎಂದು ಕೇಳಿದೆ. ಆರಂಭದಲ್ಲಿ ಹೇಳಿದ ಆ ಹಿರಿಯರೇ ದಾರಿ ತೋರಿಸಿದರು. "ಆಣೆಯಲ್ಲಿ ಹೇಳು. ಹದಿನಾರಾಣೆ ಎಂದರೆ ಖಂಡಿತ. ಎಂಟಾಣೆ ಎಂದರೆ ಅರ್ಧ ನಂಬಿಕೆ. ಹನ್ನೆರಡಾಣೆ ಆದರೆ ನಾನು ಬೀಜ ತರುತ್ತೇನೆ, ನಾಲ್ಕಾಣೆ ಆದರೆ ಹರಗಿ ಬಿಡುತ್ತೇನೆ." ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ದಶಕಗಳಾದವು. ಆದರೆ ಕೂತಿದ್ದ ಯುವಕರಿಗೂ ಅದು ತಟ್ಟನೆ ಅರ್ಥವಾಯಿತು. ಹಲಗೆಯಲ್ಲಿ ನಾಲ್ಕು ದೊಡ್ಡ ವೃತ್ತಗಳನ್ನು ಬರೆಯುತ್ತೇವೆ, ಒಂದೊಂದು ನಾಲ್ಕಾಣೆ. ಎಷ್ಟು ತುಂಬಿದೆಯೋ ಅಷ್ಟು ನಂಬಿಕೆ. ಮಲ್ಪೆಯವರೇ, ನೀವು ಹೇಳಿದ ಗುರುತು ಅದೇ ಆಯಿತು.

ಇನ್ನೊಂದು ನಿರ್ಧಾರ ನಮ್ಮ ಪುಸ್ತಕದ ಬಗ್ಗೆ. ಯಾವ ಮಳೆಗೆ ಹದವಾಯಿತು, ಎರೆಯಲ್ಲಿ ಯಾವ ದಿನ, ಮಸಾರಿಯಲ್ಲಿ ಯಾವ ದಿನ ಬಿತ್ತಿದರು, ಮುನ್ಸೂಚನೆ ಎಷ್ಟಾಣೆ ಹೇಳಿತ್ತು, ನಿಜವಾಗಿ ಏನಾಯಿತು ಎಂಬುದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತೇವೆ. ಯಂತ್ರಕ್ಕೆ ಆಕಾಶದ ಲೆಕ್ಕ ಸಿಕ್ಕಿದೆ, ನಮ್ಮ ನೆಲದ ಲೆಕ್ಕ ಅದರ ಬಳಿ ಇಲ್ಲ. ಮುಂದೊಂದು ದಿನ ಯಾರಾದರೂ ಅದನ್ನು ಕೇಳಿಕೊಂಡು ಬಂದೇ ಬರುತ್ತಾರೆ. ಆದ್ದರಿಂದ ಪುಸ್ತಕದಲ್ಲಿ ಯಾರ ಹೆಸರೂ, ಸರ್ವೆ ನಂಬರೂ, ಫೋನ್ ನಂಬರೂ ಇರುವುದಿಲ್ಲ. ಬೆಳೆ, ಮಣ್ಣು, ದಿನಾಂಕ ಅಷ್ಟೇ. ಅದು ಗ್ರಾಮಸಭೆಯ ಆಸ್ತಿ. ಯಾರಿಗೆ ಕೊಡಬೇಕಾದರೂ ಗ್ರಾಮಸಭೆಯಲ್ಲಿ ಓದಿ ಹೇಳಿ, ಒಪ್ಪಿಗೆ ಪಡೆದು ಕೊಡುವುದು. ಕೂರಿಗೆಯಣ್ಣ, ಹೆಸರಿಲ್ಲದ ಪುಸ್ತಕವನ್ನು ನಿಮ್ಮ ವಿಮೆಯ ವಿರುದ್ಧ ಸಾಕ್ಷಿಗೆ ಎಳೆಯುವುದು ಕಷ್ಟ. ನಿಮ್ಮ ಹೆದರಿಕೆಗೆ ಪೂರ್ತಿ ಉತ್ತರ ಇದಲ್ಲ ಎಂಬುದು ಗೊತ್ತು.

ಹಳೆಯ ಮಳೆಮಾಪಕ

ಆಣೆ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ. ಕಂದಾಯದವರ ಆಣೆವಾರಿ ಬೆಳೆಯ ಅಂದಾಜಿನ ಲೆಕ್ಕ. ಹಿರಿಯರಿಗೆ ಎಂಟಾಣೆ ಎಂದರೆ ಅರ್ಧ ಬೆಳೆ ಎಂದೂ ಕೇಳಿಸಬಹುದು. "ಮಳೆ ಬರುವ ನಂಬಿಕೆ ಎಂಟಾಣೆ" ಎಂದು ಪ್ರತಿಬಾರಿಯೂ ಪೂರ್ತಿ ಹೇಳಿ. ಎಂಟಾಣೆ ಎಂದ ದಿನ ಮಳೆ ಬಾರದಿದ್ದರೆ ಹಲಗೆ ಸುಳ್ಳು ಹೇಳಿತು ಎನ್ನುತ್ತಾರೆ. ಆಗ ನಿಮ್ಮ ಪುಸ್ತಕ ತೆರೆದು, ಎಂಟಾಣೆ ಎಂದ ಎಷ್ಟು ಸಲ ಬಂತು, ಎಷ್ಟು ಸಲ ಬರಲಿಲ್ಲ ಎಂದು ತೋರಿಸಿ. ಹತ್ತಕ್ಕೆ ಐದು ಸಲ ಬಂದಿದ್ದರೆ ಹಲಗೆ ನಿಜವನ್ನೇ ಹೇಳಿದೆ. ಇದನ್ನು ಮಾಡಲು ಎರಡು ಮೂರು ಮಳೆಗಾಲ ಬೇಕು. ಅವಸರ ಮಾಡಬೇಡಿ.

ಕೂರಿಗೆ

ಪುಸ್ತಕದಲ್ಲಿ ನನ್ನ ಹೆಸರಿಲ್ಲ ಎಂಬುದು ಸಮಾಧಾನ. ಇನ್ನೊಂದು ಮಾತನ್ನು ಹಲಗೆಯ ಕೆಳಗೆ ಖಾಯಂ ಆಗಿ ಬರೆಸಿ: "ಇದು ಅಂದಾಜು. ಬಿತ್ತುವ, ಬಿಡುವ ನಿರ್ಧಾರ ರೈತರದು. ಇದನ್ನು ಯಾವ ಪರಿಹಾರಕ್ಕೂ ವಿಮೆಗೂ ಸಾಕ್ಷಿಯಾಗಿ ಬಳಸತಕ್ಕದ್ದಲ್ಲ." ಗ್ರಾಮಸಭೆಯ ನಡಾವಳಿಯಲ್ಲೂ ಇದು ದಾಖಲಾಗಲಿ. ವಿಮೆಯವರು ಒಪ್ಪುತ್ತಾರೋ ಇಲ್ಲವೋ, ನಮ್ಮ ಮಾತು ಕಾಗದದ ಮೇಲೆ ಇರಲಿ.

ಧ್ವನಿತರಂಗ

ಅಕ್ಕ, ತಾಂಡಾದ ಸಹೋದರಿಯ ಧ್ವನಿಗೂ ನಿಮ್ಮೂರಿನವರ ಧ್ವನಿಗೂ ಗೌರವಧನದ ಏರ್ಪಾಡು ಮಾಡುತ್ತೇನೆ. ಆ ಧ್ವನಿಗಳನ್ನು ಬೇರೆ ಯಾವ ಕೆಲಸಕ್ಕೂ ಬಳಸುವುದಿಲ್ಲ ಎಂದು ಬರೆದುಕೊಡುತ್ತೇನೆ. ಕೀಪ್ಯಾಡ್ ಫೋನಿನವರು ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬಂದು ಸಂದೇಶ ಕೇಳಿಸುವಂತೆ ಮಾಡೋಣ. ಯಾರು ಕರೆ ಮಾಡಿದರು ಎಂಬ ಪಟ್ಟಿಯನ್ನು ಪ್ರತಿ ವಾರ ಅಳಿಸುತ್ತೇವೆ.

ಎರೆಹೊಲ

ಹಲಗೆ ನಿನ್ನೆ ಕೇಂದ್ರದ ಹೊರಗೋಡೆಗೆ ಬಂತು. ಕೂರಿಗೆಯಣ್ಣನ ವಾಕ್ಯವನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದೇವೆ. ಮಳೆಮಾಪಕ ನೋಡಲು ಹೋದಾಗ ಅದರ ಪಕ್ಕ ಬೇವಿನ ಟೊಂಗೆಯೊಂದು ಚಾಚಿಕೊಂಡಿತ್ತು. ಸಂಬಂಧಪಟ್ಟವರಿಗೆ ತಿಳಿಸಿದ್ದೇವೆ, ಕಡಿಯುವ ಮುನ್ನ ಅವರೇ ಬಂದು ನೋಡುತ್ತೇವೆ ಎಂದಿದ್ದಾರೆ.

ತಾಂಡಾದ ತಂಗಿಯ ಧ್ವನಿ ತಲುಪಿತು. ಇಪ್ಪತ್ತರಲ್ಲಿ ಹದಿನೆಂಟು ವಾಕ್ಯಗಳಿವೆ. "ಸಾಧ್ಯತೆ" ಎಂಬ ಪದಕ್ಕೆ ಗೋರ್‌ಬೋಲಿಯಲ್ಲಿ ಸರಿಯಾದ ಮಾತು ಯಾವುದು ಎಂದು ಅವ್ವನನ್ನು ಕೇಳಿ ಉಳಿದೆರಡನ್ನು ಕಳುಹಿಸುತ್ತೇನೆ ಎಂದಿದ್ದಾಳೆ. ಅಲ್ಲಿಯವರೆಗೆ ಆ ಎರಡು ಸಂದೇಶಗಳನ್ನು ತಾಂಡಾಕ್ಕೆ ನಾನೇ ನಡೆದು ಹೋಗಿ ಹೇಳಿ ಬರುತ್ತೇನೆ.

ಇವತ್ತು ಹಲಗೆಯ ಮೇಲೆ ಇರುವುದು: "ಮುಂದಿನ ಹತ್ತು ದಿನಗಳಲ್ಲಿ ಹದ ಮಳೆ ಬರುವ ನಂಬಿಕೆ ನಾಲ್ಕಾಣೆ. ಹೊಲ ಹರಗಿ ಇಡಿ. ಬೀಜದ ಚೀಲ ಒಡೆಯಬೇಡಿ. ಮಂಗಳವಾರ ಮತ್ತೆ ನೋಡಿ." ಒಂದು ವೃತ್ತ ತುಂಬಿದೆ, ಮೂರು ಖಾಲಿ ಇವೆ.